ಕಣ್ಣೊಂದು ಬಿಟ್ಟು

ಹಾನಗಲ್ಲ, ಶಿಗ್ಗಾವಿ ಸೀಮೆಯಲ್ಲಿ ಮಗುವನ್ನು ಸಾಲೆಗೆ ಹಚ್ಚಲು ಹೋದ ತಾಯಿತಂದೆಗಳು ಒಂದು ಮಾತು ಹೇಳದೆ ಹೊರಗೆ ಬರುವುದಿಲ್ಲ. ಪುಸ್ತಕ ಯಾವುದು, ಅಂಗಿ ಯಾವ ಬಣ್ಣದ್ದು ಎಂದು ಕೇಳುವುದನ್ನು ಮರೆತಾರು, ಇದನ್ನು ಮರೆಯುವುದಿಲ್ಲ. "ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಗುರುಗಳ, ಇನ್ನ ಮ್ಯಾಲ ಇವ ನಿಮ್ಮ ಮಗ." ಮಾಸ್ತರರು ನಗುತ್ತಾರೆ. ಹುಡುಗ ತಾಯಿಯ ಸೆರಗಿನ ಹಿಂದೆ ಸರಿಯುತ್ತಾನೆ. ತಾಯಿ ಒಂದು ತೆಂಗಿನಕಾಯಿಯನ್ನು ಮೇಜಿನ ಮೇಲಿಟ್ಟು ಕೈಮುಗಿದು ಹೊರಡುತ್ತಾಳೆ. ಆ ಮಾತು ಹೊಡೆಯಲು ಕೊಟ್ಟ ಪರವಾನಗಿಯೆಂದು ಆ ಸೀಮೆಯಲ್ಲಿ ಹುಟ್ಟಿದವರು ಯಾರೂ ತಿಳಿಯುವುದಿಲ್ಲ. ಶೇಖವ್ವನೂ ಹಾಗೆಯೇ ನಂಬಿದ್ದಳು.

ಶೇಖವ್ವ ಮಾವಿನಗೇರಿಯವಳು. ತಿಳವಳ್ಳಿಯ ದಾರಿ ಬಿಟ್ಟು ಒಳಕ್ಕೆ ಬಿದ್ದ ಊರದು. ಗಂಡ ಗಿರಿಯಪ್ಪ ಗೋವೆಯಲ್ಲಿ ಗಾರೆ ಕೆಲಸ ಮಾಡುತ್ತ ಉಗಾದಿಗೊಮ್ಮೆ ಮುಖ ತೋರಿಸುತ್ತಿದ್ದ. ಅವಳು ಕಂಡವರ ಹೊಲದಲ್ಲಿ ಕಳೆ ತೆಗೆದು, ಭತ್ತ ನಾಟಿ ಮಾಡಿ ಮನೆ ನಡೆಸುತ್ತಿದ್ದಳು. ಮಗ ಪರಮೇಶಿಯನ್ನು ಊರ ಹೈಸ್ಕೂಲಿಗೆ ಹಚ್ಚಿದ ದಿನ ಅವಳೂ ಹೆಡ್‌ಮಾಸ್ತರ ಮಹಾಲಿಂಗಪ್ಪನವರ ಕುರ್ಚಿಯ ಮುಂದೆ ನಿಂತು ಈ ಮಾತನ್ನೇ ಅಂದಿದ್ದಳು. "ಉಣಿಸಿ ಕಳಸವ್ವ, ಅಷ್ಟ ಸಾಕು. ಹೊಡಿಯೂದು ಬಡಿಯೂದು ಆಮ್ಯಾಲ ನೋಡೂಣು," ಎಂದು ಅವರು ನಕ್ಕಿದ್ದರು. ಮುಂದೆ ಒಂದು ಸಲ ಹೊಡೆದದ್ದೂ ಉಂಟು. ಸಾಲೆ ತಪ್ಪಿಸಿ ಕೆರೆಯಲ್ಲಿ ಈಜಲು ಹೋದದ್ದಕ್ಕೆ ಅಂಗೈ ಮೇಲೆ ಛಡಿಯಿಂದ ಬಾರಿಸಿದರು. ಸಂಜೆಗೆ ಅವರೇ ಹುಡುಗನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕೇರಿಯ ತುದಿಯವರೆಗೆ ಬಿಟ್ಟುಹೋದರು. ಕೇರಿಯ ಒಳಗೆ ಬರಲಿಲ್ಲ, ಆ ಮಾತು ಬೇರೆ. ಆದರೂ ಶೇಖವ್ವನಿಗೆ ಮಾಸ್ತರರ ಮೇಲೆ ಅಭಿಮಾನವೇ ಹೆಚ್ಚಿತು.

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಆ ಹೈಸ್ಕೂಲಿಗೆ ಗಣಿತದ ಮಾಸ್ತರೇ ಇರಲಿಲ್ಲ. ಇದ್ದವರು ವರ್ಗವಾಗಿ ಹೋದರು, ಬರಬೇಕಾದವರು ಬರಲಿಲ್ಲ. ದಸರೆ ಮುಗಿದು ದೀಪಾವಳಿ ಬಂದರೂ ಹತ್ತನೆಯ ತರಗತಿಯವರ ಗಣಿತದ ಪುಸ್ತಕದ ಹೊಸ ವಾಸನೆ ಹೋಗಲಿಲ್ಲ. ಪಾಠ ಹೇಳುವವರನ್ನು ಕೊಡಿ ಎಂದು ಹುಡುಗರು ಅಂಗಳದಲ್ಲಿ ಕೂತು ಕೂಗಿದರು. ಕೂಗಿದವರಲ್ಲಿ ಪರಮೇಶಿಯ ದನಿಯೇ ಎಲ್ಲರಿಗಿಂತ ದೊಡ್ಡದಾಗಿತ್ತು, ಅದನ್ನೇನು ಮುಚ್ಚಿಡುವುದು. ಹುಡುಗನಿಗೆ ಲೆಕ್ಕವೆಂದರೆ ಜೀವ. ಒಂದು ದಿನ ಯಾರೋ ಪುಣ್ಯಾತ್ಮರು ಹೆಡ್‌ಮಾಸ್ತರರು ಒಳಗಿರುವಾಗಲೇ ಅವರ ಕೋಣೆಗೆ ಹೊರಗಿನಿಂದ ಬೀಗ ಜಡಿದರು. ಮಹಾಲಿಂಗಪ್ಪನವರು ಮೊದಲೇ ಬೇಗ ಗಾಬರಿಯಾಗುವ ಮನುಷ್ಯ. ಕಿಟಕಿಯಿಂದ ಜವಾನನನ್ನು ಕರೆದು ಪೊಲೀಸ್ ಠಾಣೆಗೆ ಓಡಿಸಿದರು. ಊರ ಕಮ್ಮಾರನನ್ನು ಕರೆಸಿ ಬೀಗ ಒಡೆಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಂದವನು ಠಾಣೆಯ ಫೌಜದಾರ.

ಬಂದವನು ಹೋಗಲಿಲ್ಲ. ಹುಡುಗರ ತಲೆ ನೆಟ್ಟಗಾಗುವವರೆಗೆ ಇಲ್ಲೇ ಬಂದೋಬಸ್ತು ಎಂದು ದಿನವೂ ಬುಲೆಟ್ ಗಾಡಿಯಲ್ಲಿ ಬಂದು ಪಡಸಾಲೆಯಲ್ಲಿ ಕೂರತೊಡಗಿದ. ಕೂರಲು ಹೆಡ್‌ಮಾಸ್ತರರ ಕೋಣೆಯಿಂದ ಅವರದೇ ಕೈಕುರ್ಚಿ ತರಿಸಿದ. ಮಹಾಲಿಂಗಪ್ಪನವರು ಗಣಿತದ ಮಾಸ್ತರರ ಖಾಲಿ ಕುರ್ಚಿಯಲ್ಲಿ ಕೂತು ಸಹಿ ಹಾಕತೊಡಗಿದರು. ಫೌಜದಾರನ ಜೊತೆಗೆ ಫಕ್ರುಸಾಬ ಎಂಬ ವಯಸ್ಸಾದ ಪೇದೆ ಇದ್ದ. ಅವನು ಲಾಠಿಯನ್ನು ಗೋಡೆಗೆ ಒರಗಿಸಿ, ಸಣ್ಣ ಹುಡುಗರಿಗೆ ಸಾಲಾಗಿ ನೀರು ಕುಡಿಯಲು ಹೇಳಿಕೊಡುತ್ತ ಹೊತ್ತು ಕಳೆಯುತ್ತಿದ್ದ.

ಫೌಜದಾರ ಹತ್ತನೆಯ ತರಗತಿಯವರ ತಾಯಿತಂದೆಗಳನ್ನೆಲ್ಲ ಕರೆಸಿದ. ಕೂಲಿ ಬಿಟ್ಟು ಬಂದ ಶೇಖವ್ವ ಮಗನ ರೆಟ್ಟೆ ಹಿಡಿದು ಪಡಸಾಲೆಯ ಕೆಳಗೆ ನಿಂತಳು. ಮೇಲೆ ಅದೇ ಕೈಕುರ್ಚಿಯಲ್ಲಿ ಫೌಜದಾರ ಕೂತಿದ್ದ. ಪಕ್ಕದಲ್ಲಿ ಹೆಡ್‌ಮಾಸ್ತರರು ಕೈ ಹಿಂದೆ ಕಟ್ಟಿ ನಿಂತಿದ್ದರು. ಖಾಕಿ ಕಂಡು ಹೆದರಿ ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಸಾಲೆಯಲ್ಲಿ ಆಡಬೇಕಾದ ಮಾತೆಂದು ಅವಳಿಗೆ ಗೊತ್ತಿದ್ದದ್ದು ಒಂದೇ. ಅದನ್ನೇ ಆಡಿದಳು.

"ಸಣ್ಣ ಹುಡುಗ್ರಿ, ತಿಳೀದ ಮಾಡ್ಯಾನ್ರಿ. ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ. ಸಾಲಿ ಬಿಡಸಬ್ಯಾಡ್ರಿ."

ಫೌಜದಾರ ಮೀಸೆಯ ಮೇಲೆ ಕೈಯಾಡಿಸಿ, "ಕೇಳಿದೇನೋ, ನಿಮ್ಮವ್ವ ಏನ್ ಹೇಳಾಕತ್ತಾಳ?" ಎಂದು ಪರಮೇಶಿಯನ್ನು ನೋಡಿದ. ಪರಮೇಶಿ ತಲೆ ತಗ್ಗಿಸಿದ. ತನ್ನ ಹಿಂದೆ ನಿಂತ ಇನ್ನೂ ನಾಲ್ಕಾರು ತಾಯಂದಿರು ಅದೇ ಮಾತನ್ನು ಹೇಳಿದ್ದು ಶೇಖವ್ವನ ಕಿವಿಗೆ ಬಿತ್ತು. ಒಳ್ಳೆಯದೇ ಆಯಿತು, ಎಲ್ಲರ ಮಕ್ಕಳೂ ಒಂದೇ ಎಂದುಕೊಂಡು ಹೊಲಕ್ಕೆ ಮರಳಿದಳು.

ಅದಾದ ಮೇಲೆ ಆ ವಾರದಲ್ಲೇ ಯಾರೋ ಬುಲೆಟ್ಟಿನ ಮುಂದಿನ ದೀಪಕ್ಕೆ ಕಲ್ಲು ಬೀಸಿದರು. ಯಾರೆಂದು ಇವತ್ತಿನವರೆಗೂ ಗೊತ್ತಾಗಿಲ್ಲ. ಸಾಲೆಯ ಕಿಟಕಿ ಒಡೆದಿದ್ದರೆ ಫೌಜದಾರ ಅಷ್ಟು ಸಿಟ್ಟಾಗುತ್ತಿರಲಿಲ್ಲ, ಒಡೆದದ್ದು ಅವನ ಸ್ವಂತ ಗಾಡಿಯ ದೀಪ. ಆ ಹೊತ್ತಿನಲ್ಲಿ ನೀರಿನ ಕೊಡ ಹಿಡಿದು ಅಂಗಳದಲ್ಲಿ ಕಂಡವನು ಪರಮೇಶಿ. ಫೌಜದಾರ ಅವನನ್ನು ವಿಜ್ಞಾನದ ಕೋಣೆಗೆ ಎಳೆದುಕೊಂಡು ಹೋದ.

ಶೇಖವ್ವ ಗೋವಿನಜೋಳದ ಹೊಲದಿಂದ ಓಡಿ ಬಂದಾಗ ಮಗ ಬೇವಿನ ಮರದ ಕೆಳಗೆ ಕೂತಿದ್ದ. ಎಡಗಿವಿಯಿಂದ ರಕ್ತ ಇಳಿದು ಅಂಗಿಯ ಕಾಲರಿನಲ್ಲಿ ಇಂಗಿತ್ತು. ಫಕ್ರುಸಾಬ ಪಕ್ಕದಲ್ಲಿ ತನ್ನ ಟವೆಲ್ಲು ಒದ್ದೆ ಮಾಡಿ ಹಿಡಿದುಕೊಂಡು ನಿಂತಿದ್ದ, ಒರೆಸುವುದಕ್ಕೆ ಧೈರ್ಯ ಸಾಲದೆ. ಅವಳು ಮಗನ ಗದ್ದ ಹಿಡಿದು ಮುಖ ಎತ್ತಿದಳು.

"ಏನಾತೋ ನನ್ನಪ್ಪಾ, ಏನ್ ಮಾಡಿದ್ರೋ?"

ಪರಮೇಶಿ ಅವಳ ಕೈ ಸರಿಸಿದ. "ನೀನ ಹೇಳಿದ್ಯಲ್ಲ," ಎಂದ. "ಅವ ಒಂದೊಂದ ಏಟಿಗೂ ಅದನ್ನ ಅಂದ. ನಿಮ್ಮವ್ವ ಹೇಳ್ಯಾಳ, ನಿಮ್ಮವ್ವ ಹೇಳ್ಯಾಳ ಅಂತ."

ಮುಂದೆ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಆ ಕಿವಿಯ ಒಳಗಿನ ಪೊರೆ ಹರಿದಿದೆ, ಇನ್ನು ಅದರಲ್ಲಿ ಕೇಳಿಸುವುದು ಕಷ್ಟ ಎಂದಾಗಲೂ ಶೇಖವ್ವನಿಗೆ ಮಗನ ಆ ಮಾತಿನಷ್ಟು ನೋವಾಗಲಿಲ್ಲ. ಮಗ ಅವಳ ಜೊತೆ ಮಾತು ಬಿಟ್ಟಿದ್ದ. ಉಣ್ಣು ಎಂದರೆ ಉಂಡ, ಮಲಗು ಎಂದರೆ ಮಲಗಿದ. ಅವ್ವಾ ಎಂದು ಮಾತ್ರ ಕರೆಯಲಿಲ್ಲ. ಯಾವ ತಾಯಿಗೂ ಆ ಶಿಕ್ಷೆ ಬೇಡ.

ಹೆಡ್‌ಮಾಸ್ತರರು ಆ ಕಿವಿ ನೋಡಿದ ದಿನ ಊಟ ಬಿಟ್ಟರು. ತಾವೇ ಕರೆಸಿದ ಫೌಜದಾರನ ಮೇಲೆ ತಾವೇ ಸವಣೂರಿನ ಪ್ರಾಂತಸಾಹೇಬರಿಗೆ, ಎಂದರೆ ಉಪವಿಭಾಗಾಧಿಕಾರಿಗೆ, ದೂರು ಬರೆದರು. ಫೌಜದಾರ ಸುಮ್ಮನಿರುತ್ತಾನೆಯೇ? ಹುಡುಗ ಪುಂಡ, ಪೊಲೀಸರ ಮೇಲೆ ಕೈ ಮಾಡಲು ಬಂದ, ಹತೋಟಿಗೆ ತರಲು ಎಷ್ಟು ಬೇಕೋ ಅಷ್ಟೇ ಬಲ ಬಳಸಿದ್ದೇನೆ, ಅದಕ್ಕೂ ಹೆತ್ತ ತಾಯಿಯ ಒಪ್ಪಿಗೆ ಇತ್ತು ಎಂದು ಉತ್ತರ ಕೊಟ್ಟ. ವಿಚಾರಣೆ ಮುಗಿಯುವವರೆಗೆ ಪರಮೇಶಿಯನ್ನು ಸಾಲೆಯಿಂದ ಹೊರಗಿಟ್ಟರು. ಫೌಜದಾರನ ಮಾತು ನಿಂತರೆ ಹುಡುಗ ಪುಂಡನೆಂದೇ ತೀರ್ಮಾನವಾಗುತ್ತಿತ್ತು. ಆಮೇಲೆ ಆ ಸಾಲೆಯೇನು, ಯಾವ ಸಾಲೆಯೂ ಅವನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮಾರ್ಚಿನ ಪರೀಕ್ಷೆಯ ಆಸೆ ಬಿಟ್ಟು ಅವನೂ ಅಪ್ಪನ ಹಿಂದೆ ಗೋವೆಗೆ ಗಾರೆ ಹೊರಲು ಹೋಗಬೇಕಾಗಿತ್ತು.

ವಿಚಾರಣೆಗೆಂದು ಮೂವರೂ ಬಂಕಾಪುರದ ಮೇಲೆ ಸವಣೂರಿಗೆ ಬಸ್ಸಿನಲ್ಲಿ ಹೊರಟರು. ಪರಮೇಶಿ ಹಿಂದಿನ ಸೀಟಿಗೆ ಹೋಗಿ ಒಬ್ಬನೇ ಕೂತ. ಮಹಾಲಿಂಗಪ್ಪನವರು ಶೇಖವ್ವನ ಪಕ್ಕದ ಸೀಟಿನಿಂದ ಬಗ್ಗಿ ದನಿ ತಗ್ಗಿಸಿದರು.

"ಶೇಖವ್ವ, ಸಾಹೇಬ್ರು ನಿನ್ನ ಒಂದ ಮಾತು ಕೇಳ್ತಾರ. ಹೊಡೀರಿ ಅಂದಿದ್ಯೋ ಇಲ್ಲೋ ಅಂತ. ಅಂದಿಲ್ಲ ಅಂದ್ಬಿಡು."

"ಅಂದೇನಲ್ರಿ ಗುರುಗಳ."

"ಅಂದಿ, ನಾನೂ ಕೇಳೇನಿ. ಆದ್ರ ನಾನೂ ಕೇಳಿಲ್ಲ ಅಂತೇನಿ. ಮಾಸ್ತರಿಕಿ ಮಾಡಾಕ ಹತ್ತಿದಾಗಿಂದ ಒಂದ ಸುಳ್ಳ ಹೇಳಿದಾಂವ ಅಲ್ಲ ನಾನು. ಇವತ್ತ ಹೇಳ್ತೇನಿ. ಹುಡುಗನ ಬಾಳೇವು ಐತಿ ಇದರಾಗ."

ಶೇಖವ್ವ ಕಿಟಕಿಯ ಹೊರಗೆ ನೋಡಿದಳು. ಹೂಂ ಎಂದುಬಿಡುವುದು ಎಷ್ಟು ಸುಲಭವಿತ್ತು! ಕಾಗದದಲ್ಲಿ ಬರೆದ ಮಾತಲ್ಲ, ಗಾಳಿಯಲ್ಲಿ ಹೋದ ಮಾತು. ಆದರೆ ಆ ಮಾತನ್ನು ಹಿಂದಿನ ಸೀಟಿನಲ್ಲಿ ಕೂತವನು ಕೇಳಿದ್ದ. ಎಲ್ಲರ ಮುಂದೆ ಇಲ್ಲ ಎಂದರೆ ಸಾಹೇಬರು ನಂಬಿಯಾರು, ಮಗ ನಂಬುವುದೆಂತು? ಹೊಡೆಸಿದ್ದಲ್ಲದೆ ಸುಳ್ಳನ್ನೂ ಹೇಳಿದಳು ಎಂದು ಜೀವ ಇರುವವರೆಗೂ ಅಂದುಕೊಳ್ಳುತ್ತಾನೆ. ಹೌದೆಂದರೆ ಸಾಲೆ ಹೋಗುತ್ತದೆ, ಇಲ್ಲವೆಂದರೆ ಮಗ ಹೋಗುತ್ತಾನೆ. ಸವಣೂರು ಬರುವವರೆಗೂ ಅವಳು ಬಾಯಿ ಬಿಡಲಿಲ್ಲ. ಹೆಡ್‌ಮಾಸ್ತರರು ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡರು.

ಪ್ರಾಂತಸಾಹೇಬರು ಮೈಸೂರು ಕಡೆಯ ಇನ್ನೂ ಎಳೆಯ ಮನುಷ್ಯ. ಬಾಯಲ್ಲಿ ಪುಸ್ತಕದ ಕನ್ನಡ. ಕಚೇರಿಯಲ್ಲಿ ಫೌಜದಾರ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಕಂಬದ ಹಾಗೆ ನಿಂತಿದ್ದ, ಅವನ ಹಿಂದೆ ಫಕ್ರುಸಾಬ. ಸಾಹೇಬರು ಕಾಗದಗಳನ್ನು ಪಕ್ಕಕ್ಕಿಟ್ಟು ನೇರವಾಗಿ ಶೇಖವ್ವನನ್ನೇ ಕೇಳಿದರು.

"ನೋಡಮ್ಮ, ನಿಮ್ಮ ಮಗನನ್ನು ಹೊಡೆಯಿರಿ ಎಂದು ನೀವೇ ಇವರಿಗೆ ಹೇಳಿದ್ದು ನಿಜವೇ?"

ಶೇಖವ್ವ ಮಗನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಖರೇ ಐತ್ರಿ. ಕಣ್ಣೊಂದು ಬಿಟ್ಟು ಹೊಡೀರಿ ಅಂದೇನ್ರಿ."

ಹೆಡ್‌ಮಾಸ್ತರರು ಹಣೆ ಹಣೆ ಚಚ್ಚಿಕೊಂಡರು. ಫೌಜದಾರನ ಮೀಸೆ ಅರಳಿತು. "ಬರಕೊಳ್ರಿ ಸರ್. ತಾಯಿನ ಒಪ್ಪಿದ್ಲು. ಆಕಿ ಕಣ್ಣು ಬಿಡು ಅಂದ್ಲು, ನಾನು ಕಣ್ಣಿಗೆ ಬೆರಳ ಸೈತ ಹಚ್ಚಿಲ್ಲ," ಎಂದ. ಎಷ್ಟು ಸಭ್ಯಸ್ಥ ನೋಡಿ!

ಸಾಹೇಬರು ಬರೆಯಲು ಪೆನ್ನು ಎತ್ತಿದರು. ಶೇಖವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ಹೆಜ್ಜೆ ಮುಂದೆ ಬಂದಳು. ಹೆದರಿಕೆ ಎಲ್ಲಿಗೆ ಹೋಯಿತೋ ಅವಳಿಗೇ ಗೊತ್ತಿಲ್ಲ.

"ಬರೀರಿ ಸಾಹೇಬ್ರ, ಪೂರಾ ಬರೀರಿ. ಆ ಕುರ್ಚ್ಯಾಗ ಗುರುಗಳು ಕುಂಡ್ರತಿದ್ರು. ಅವತ್ತ ಇವ್ರು ಕುಂತಿದ್ರು. ಸಾಲಿ ಕುರ್ಚಿ ಅಂತ ತಿಳದು ನಾ ಅಂದ್ನಿ. ಹೊಡೀರಿ ಅಂದ್ರ ಹೊಡೀರಿ ಅಂತಲ್ರಿ ಅದು. ನನ್ನ ಕೂಸು ನಿಮ್ಮದು, ನೀವು ನೋಡ್ಕೊಳ್ರಿ ಅಂತ. ಹೊಡದ್ರೂ ಎಲ್ಲಿ ನಿಲ್ಲಸಬೇಕಂತ ಗೊತ್ತಿದ್ದೌರ ಮುಂದ ಅನ್ನೂ ಮಾತದು." ಅವಳು ಫೌಜದಾರನ ಕಡೆ ತಿರುಗಿದಳು. "ನೀವೂ ಇಲ್ಲೇ ಹುಟ್ಟೀರಿ ಸಾಹೇಬ್ರ. ನಿಮ್ಮನ್ನ ಸಾಲಿಗೆ ಹಚ್ಚುವಾಗ ನಿಮ್ಮವ್ವನೂ ಇದನ್ನ ಅಂದಿರಬೇಕು. ನಿಮ್ಮ ಮಾಸ್ತರು ನಿಮ್ಮ ಕಿವಿ ಹರದ್ರೇನ್ರಿ?"

ಸಾಹೇಬರು ಹೆಡ್‌ಮಾಸ್ತರರನ್ನು ನೋಡಿದರು. "ಈ ಮಾತನ್ನು ಎಲ್ಲರೂ ಹೇಳುತ್ತಾರೆಯೇ?"

"ಎಲ್ಲಾರೂ ಅಂತಾರ್ರಿ. ನನ್ನ ಹೆಂಡತಿ ಸರೋಜವ್ವನೂ ನನ್ನ ಮಕ್ಕಳ ಮಾಸ್ತರ ಮುಂದ ಅಂದಾಳ."

"ಹಾಗಾದರೆ ನೀವೂ ಮಕ್ಕಳನ್ನು ಹೊಡೆಯುತ್ತೀರಿ?"

ಮಹಾಲಿಂಗಪ್ಪನವರ ಮುಖ ಕೆಂಪಾಯಿತು. "ಹೊಡದೇನ್ರಿ. ಇದ... ಈ ಹುಡುಗನ್ನೂ ಹೊಡದೇನಿ."

"ಮತ್ತೆ ನಿಮಗೂ ಅವರಿಗೂ ಏನು ವ್ಯತ್ಯಾಸ?"

ಇಷ್ಟು ವರ್ಷ ಮಕ್ಕಳಿಗೆ ವ್ಯತ್ಯಾಸಗಳನ್ನು ಬರೆಯಿರಿ ಎಂದು ಪ್ರಶ್ನೆ ಕೊಟ್ಟ ಮನುಷ್ಯ ಅವರು. "ವ್ಯತ್ಯಾಸ ಐತಿ ಅಂತ ತಿಳಕೊಂಡಿದ್ನಿರಿ," ಎಂದಷ್ಟೇ ಹೇಳಿ ಕಣ್ಣು ಒರೆಸಿಕೊಂಡರು. ಸಾಹೇಬರು ಅವರನ್ನು ಮತ್ತೆ ಕೆಣಕಲಿಲ್ಲ. ಫಕ್ರುಸಾಬನನ್ನು ಮುಂದೆ ಕರೆದರು.

"ಆ ಕೋಣೆಯಲ್ಲಿ ನೀವಿದ್ದಿರಿ. ಹುಡುಗ ಇವರ ಮೇಲೆ ಕೈ ಮಾಡಿದನೇ?"

ಪಿಂಚಣಿಗೆ ಹತ್ತಿರ ಬಂದ ಮನುಷ್ಯ. ಮನೆಯಲ್ಲಿ ಮದುವೆಯಾಗಬೇಕಾದ ಹೆಣ್ಣುಮಕ್ಕಳು. ಮೇಲಿನವನ ಉಸಿರು ಬೆನ್ನಿಗೆ ತಾಗುತ್ತಿತ್ತು. ಟೋಪಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಮತ್ತೆ ಹಾಕಿಕೊಂಡ.

"ಇಲ್ರಿ. ಹುಡುಗ ಕೈ ಎತ್ತಲಿಲ್ರಿ."

"ಬಯ್ದನೇ? ಓಡಲು ನೋಡಿದನೇ?"

"ಇಲ್ರಿ. ಬಾಗಲಾ ತೆರದಽ ಇತ್ತು. ಅವ ಓಡಲಿಲ್ಲ. ಸುಮ್ನ ನಿಂತಿದ್ದ. ಬಿದ್ದ ಮ್ಯಾಲೂ ಸಾಹೇಬ್ರು ಎಬ್ಬಿಸಿ ಎಬ್ಬಿಸಿ ಹೊಡದ್ರಿ." ಫಕ್ರುಸಾಬ ಶೇಖವ್ವನ ಕಡೆ ನೋಡದೆ ಮಾತು ಮುಂದುವರಿಸಿದ. "ಈ ಅವ್ವ ಅಂದ ಮಾತು ನಾನೂ ಅಂದೇನ್ರಿ, ನಮ್ಮ ಮಹಮ್ಮದಗೌಸನ್ನ ಸಾಲಿಗೆ ಹಚ್ಚುವಾಗ. ಈ ಹುಡುಗನ್ನ ಹೊಡಿಯೂವಾಗ ನಾ ಬಾಗಲದಾಗ ನಿಂತಽ ಇದ್ನಿ. ಬಿಡ್ರಿ ಅನಬೇಕಾಗಿತ್ತು. ಅನಲಿಲ್ರಿ."

ಸಾಹೇಬರು ಬಹಳ ಹೊತ್ತು ಬರೆದರು. ಕೊನೆಗೆ ತಲೆ ಎತ್ತಿ, ನಾಳೆಯಿಂದಲೇ ಹುಡುಗ ಶಾಲೆಗೆ ಹೋಗಲಿ, ಪೊಲೀಸರು ಶಾಲೆಯ ಅಂಗಳ ಬಿಟ್ಟು ಹೊರಗಿರಲಿ, ಎದುರಿಸದೆ ನಿಂತವನನ್ನು ಹೊಡೆಯುವುದಕ್ಕೆ ತಾಯಿಯಲ್ಲ, ಯಾರು ಹೇಳಿದರೂ ಅದು ಒಪ್ಪಿಗೆಯಾಗುವುದಿಲ್ಲ, ಮುಂದಿನ ಕ್ರಮಕ್ಕೆ ಮೇಲಿನವರಿಗೆ ಬರೆಯುತ್ತೇನೆ ಎಂದರು. ಫೌಜದಾರ ಸಲಾಮು ಹೊಡೆದು ಬೂಟು ಸದ್ದು ಮಾಡುತ್ತ ಹೊರಟುಹೋದ. ಫಕ್ರುಸಾಬ ಅವನ ಹಿಂದೆ ಹೋಗಲೋ ಬೇಡವೋ ಎಂದು ತಿಳಿಯದೆ ಅಲ್ಲೇ ನಿಂತ.

ಹೊರಗೆ ಬಂದ ಮೇಲೆ ಮಹಾಲಿಂಗಪ್ಪನವರಿಗೆ ಎಲ್ಲಿಲ್ಲದ ಉತ್ಸಾಹ. "ಗೆದ್ದಿಯಲ್ಲವ್ವ, ಶೇಖವ್ವ! ವಕೀಲರಿಗೆ ಬರಲಾರದ ಮಾತು ಆಡಿದಿ," ಎಂದು ಮತ್ತೆ ಮತ್ತೆ ಹೇಳುತ್ತ, ತಾಯಿಮಗನಿಗೆ ಚಹಾ ಹೇಳಲು ಅಂಗಡಿಯ ಕಡೆ ನಡೆದರು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಶೇಖವ್ವ, ಪರಮೇಶಿ ಇಬ್ಬರೇ ಉಳಿದರು. ಅವಳ ಎದೆ ಹಗುರವಾಗಿತ್ತು. ಸಾಲೆಯೂ ಉಳಿಯಿತು, ಮಗನ ಮುಂದೆ ನಿಜವೂ ಉಳಿಯಿತು. ಇನ್ನು ಅವನು ಮಾತಾಡುತ್ತಾನೆ ಎಂದು ಕಾದಳು.

ಅವನು ಮಾತಾಡಿದ.

"ಅವ್ವಾ."

"ಏನಪ್ಪಾ?"

"ನಾ ಯಾಕ ಓಡಲಿಲ್ಲ ಅಂತ ಯಾರೂ ಕೇಳಲಿಲ್ಲ ನೋಡು."

ಶೇಖವ್ವ ಅವನ ಮುಖವನ್ನೇ ನೋಡಿದಳು. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಬಾಗಲಾ ತೆರದಿತ್ತು. ಓಡಿದ್ರ ಓಡಬಹುದಾಗಿತ್ತು. ಕೈ ಅಡ್ಡ ಹಿಡದಿದ್ರೂ ಕಿವಿ ಉಳೀತಿತ್ತು," ಎಂದ ಪರಮೇಶಿ. "ನಿಮ್ಮವ್ವ ಹೇಳ್ಯಾಳ ಅಂದ ನೋಡು, ನಂಗ ಧೈರ್ಯ ಬಂತು. ಅವ್ವ ನನ್ನ ಇವನ ಕೈಯಾಗ ಒಪ್ಪಿಸ್ಯಾಳ, ಭಾಳ ಹೊಡಿಯೂದಿಲ್ಲ, ಇನ್ನೇನ ಬಿಡ್ತಾನ ಅಂತ ಕೈ ಕಟ್ಟಿ ನಿಂತೆ."

ಹೆಡ್‌ಮಾಸ್ತರರು ಮೂರು ಕಪ್ಪು ಚಹಾ ಹಿಡಿದು ನಗುತ್ತ ಬಂದರು. ಶೇಖವ್ವ ಕಪ್ಪಿಗೆ ಕೈ ಚಾಚಿದಳು. ಚಹಾ ಮಡಿಲಿಗೆ ಚೆಲ್ಲಿ ಸುಟ್ಟದ್ದೂ ಗೊತ್ತಾಗದೆ, ಎಲ್ಲರೂ ನೋಡುತ್ತಿದ್ದ ಆ ಬಸ್‌ಸ್ಟ್ಯಾಂಡಿನಲ್ಲಿ ಅವಳು ಗಟ್ಟಿಯಾಗಿ ಅತ್ತಳು.